ಗೋಡೆಯ ಮೇಲಿನ ಕಣ್ಣು

"ಸಂತ ದಿಮಿತ್ರಿಯ ಎರಡೂ ಕಣ್ಣು ಕೆರೆದು ತಾ ಅವ್ವಾ. ಒಂದು ಕೆರೆದು ಒಂದು ಬಿಟ್ಟು ಬಂದೀಯ ಮತ್ತೆ," ಎಂದ ಕುರುಡ ಹ್ರೆಲ್ಕೊ, ಮುದುಕಿ ದೇಸಾಚಳಿಗೆ.

ಇಗರ್ಜಿಯ ಗೋಡೆಯಲ್ಲಿ ಬರೆದ ಸಂತರ ಕಣ್ಣು ಕೆರೆದು, ಆ ಗಾರೆಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿದರೆ ಹೋದ ದೃಷ್ಟಿ ಮರಳುತ್ತದೆಂದು ಆ ಕಣಿವೆಯವರ ನಂಬಿಕೆ. ಹ್ರೆಲ್ಕೊನ ಕಣ್ಣಿಗೆ ಕಾದ ಕಬ್ಬಿಣ ಇಡಿಸಿದವನು ಒಡಹುಟ್ಟಿದ ತಮ್ಮ. ಕುರುಡ ಕೋಟೆ ಆಳುವಂತಿಲ್ಲ, ಅಣ್ಣನನ್ನು ಕೊಂದರೆ ಪಾಪ. ಹಾಗಾಗಿ ಕಣ್ಣು ಕಳೆದು ಮಠಕ್ಕೆ ತಳ್ಳಿದ. ಭಾರಿ ದೈವಭಕ್ತ! ಅಣ್ಣನೇನು ಸಾಚಾನೇ? ಅದೇ ಕಬ್ಬಿಣವನ್ನು ತಮ್ಮನಿಗೆಂದು ಕಾಸಲು ಹೇಳಿದ್ದವನು ಇವನೇ. ತಮ್ಮ ಒಂದು ದಿನ ಮೊದಲು ಬಂದ, ಅಷ್ಟೆ.

ಇವನಿಗೆ ಹಾಲೂಡಿಸಿದ ದೇಸಾಚಳ ಇಬ್ಬರು ಮಕ್ಕಳು ಈ ಅಣ್ಣತಮ್ಮಂದಿರ ಕಚ್ಚಾಟದಲ್ಲಿ ಮಣ್ಣಾಗಿದ್ದರು. ಉಳಿದವನು ಪ್ರಿಬಾಕ್ ಒಬ್ಬನೇ.

"ಚೂರು ಬೆಳಕು ಕಂಡರೆ ಸಾಕು, ಕೋಟೆ ಹಿಡಿಯೋಕೆ ವೊಯಿಹ್ನ ಮಾವ ನೂರು ಕುದುರೆ ತರ್ತಾನೆ. ಬಾವುಟ ಹಿಡಿಯೋನು ನಿನ್ನ ಪ್ರಿಬಾಕ್. ಎಲ್ಲರಿಗಿಂತ ಮುಂದೆ ನಿಲ್ಲಿಸ್ತೀನಿ."

"ಮುಂದೆ ನಿಂತ ಇಬ್ಬರು ಎಲ್ಲಿ ಮಲಗಿದಾರೆ ಅಂತ ಗೊತ್ತಿದೆ ನನಗೆ," ಎಂದು ಮುದುಕಿ ಚಾಕು ಹಿಡಿದು ಹೊರಟಳು.

ಸಂತನೆದುರು ನಿಂತಾಗ ಅವಳಿಗೆ ಭಯವಾಯಿತು. ನಿಜಕ್ಕೂ ಕಂಡುಬಿಟ್ಟರೆ? ಪಕ್ಕದ ಗೋಡೆಯಲ್ಲಿ ಹ್ರೆಲ್ಕೊನ ಚಿತ್ರವೇ ಇತ್ತು; ತಾನು ಕಟ್ಟಿಸಿದ ಇಗರ್ಜಿಯನ್ನು ಪುಟ್ಟದಾಗಿ ಬರೆಸಿ, ಕದ್ದ ಕೋಳಿಯ ಹಾಗೆ ಎದೆಗವಚಿಕೊಂಡಿದ್ದ. ಇದ್ದಾಗಲೇ ಏನೂ ಕಾಣದ ಕಣ್ಣು, ಈಗೇನು ಕಂಡೀತು ಎಂದುಕೊಂಡು ಅವನ್ನೇ ಕೆರೆದಳು. ಮಗ ಉಳಿದ ಎಂದು ಜೀವ ಹಗುರಾಯಿತು.

ಬೆಳಿಗ್ಗೆ ವೊಯಿಹ್ನನ ಎದುರೇ ಪುಡಿ ಹಚ್ಚಿದಳು. ಹ್ರೆಲ್ಕೊ ಸುಟ್ಟ ರೆಪ್ಪೆ ಪಟಪಟಿಸಿದ.

"ಕಾಣ್ತಿದೆ. ಅಗೋ ಕಿಟಕಿ," ಎಂದು ಬೋಳು ಗೋಡೆಯತ್ತ ಬೆರಳು ತೋರಿಸಿದ.

ವೊಯಿಹ್ನ ಗೋಡೆ ನೋಡಿದ, ಸೋದರಳಿಯನನ್ನು ನೋಡಿದ. ಕೋಟೆಯ ಪಾಲು ಅವನಿಗೂ ಬೇಕಿತ್ತು. "ಹೌದು. ದೊರೆಗೆ ದೃಷ್ಟಿ ಬಂದಿದೆ," ಎಂದು ಮಂಡಿಯೂರಿದ.

ದೇಸಾಚಳಿಗೆ ಮೈಯುರಿದುಹೋಯಿತು. "ಯಾವ ದೃಷ್ಟಿಯೋ? ನಾನು ಸಂತನ್ನ ಮುಟ್ಟಲೇ ಇಲ್ಲ. ಕೆರೆದದ್ದು ನಿನ್ನ ಚಿತ್ರದ ಕಣ್ಣು. ಬರೀ ಸುಣ್ಣ ಅದು."

ಹ್ರೆಲ್ಕೊನ ಮುಖ ಅರಳಿತು.

"ಕೇಳಿದೆಯಾ ಮಾವ? ನನಗೆ ಸಂತನೂ ಬೇಕಾಗಲಿಲ್ಲ."

ಅಂಗಳದಲ್ಲಿ ಪ್ರಿಬಾಕ್ ಕುದುರೆ ಹಿಡಿದು ನಿಂತಿದ್ದ. ಬಾವುಟವನ್ನು ಆಗಲೇ ಅವನ ಬೆನ್ನಿಗೆ ಬಿಗಿದಿದ್ದರು. ಕುದುರೆ ಏರಲು ಹ್ರೆಲ್ಕೊ ಜೀನಿನಿಂದ ತೂಗುವ ರಿಕಾಪಿಗೆಂದು ಎತ್ತಿದ ಕಾಲು ಗಾಳಿಯಲ್ಲಿ ಆಚೀಚೆ ತಡಕಾಡಿತು. ಯಾರೂ ನಗಲಿಲ್ಲ. ಪ್ರಿಬಾಕ್ ಬಗ್ಗಿ, ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ರಿಕಾಪಿನೊಳಗೆ ಇಟ್ಟ.