ರಸ್ಕ್ ಪುಡಿಯ ಲಟ್ಟಣಿಗೆ

ನಾನು ಒಂದು ಲಟ್ಟಣಿಗೆ. ಹುಬ್ಬಳ್ಳಿಯ ಬಡಿಗನೊಬ್ಬ ಸಾಗವಾನಿ ತುಂಡನ್ನು ಉಜ್ಜಿ ಉಜ್ಜಿ ನನ್ನನ್ನು ಮಾಡಿದ. ಗಿರಿಜವ್ವ ಹೊಸ ಸಂಸಾರಕ್ಕೆಂದು ಕೊಂಡು ತಂದಳು. ಅವಳ ಮಗಳು ರೇವತಿ ಹಲ್ಲು ಬರುವ ಕಾಲಕ್ಕೆ ನನ್ನ ತುದಿಯನ್ನು ಕಚ್ಚಿ ಎರಡು ಗುರುತು ಮಾಡಿದಳು. ಅದೇ ನನ್ನ ಒಡವೆ ಎಂದು ಬೀಗುತ್ತಿದ್ದೆ.

ರೇವತಿಯ ಅಪ್ಪ ಈರಪ್ಪನಿಗೆ ಬೇಕರಿಯಲ್ಲಿ ಕೆಲಸ. ಮುರಿದ ರಸ್ಕನ್ನು ದಿನಾ ಮನೆಗೆ ತರುತ್ತಿದ್ದ. ಮಗಳೋ ತರಕಾರಿ ಕಂಡರೆ ಮುಖ ತಿರುವುವವಳು. ಅದಕ್ಕೇ ಗಿರಿಜವ್ವ ಗಜ್ಜರಿ, ಬೀಟ್‌ರೂಟ್, ಬಟಾಣಿ ಬೇಯಿಸಿ, ಬಸಿದ ನೀರನ್ನೂ ಸತ್ವ ಹೋಗಬಾರದೆಂದು ಸಾರಿಗೆ ಸುರಿದು, ಆಲೂಗಡ್ಡೆಯೊಂದಿಗೆ ಎಲ್ಲವನ್ನೂ ನಾದುತ್ತಿದ್ದಳು. ರಸ್ಕ್ ಪುಡಿ ಮಾಡುವುದು ನನ್ನ ಪಾಲು. ತಟ್ಟಿದ ಉಂಡೆಯನ್ನು ಆ ಪುಡಿಯಲ್ಲಿ ಹೊರಳಿಸಿ ಹಂಚಿನ ಮೇಲೆ ಕೆಂಪಗೆ ಮಾಡಿದರೆ ರೇವತಿ ನಾಲ್ಕು ಕಟ್ಲೆಟ್ ತಿನ್ನುತ್ತಿದ್ದಳು. ನನಗಂತೂ ಜಂಬವೋ ಜಂಬ!

ಆದರೆ ಹುಡುಗಿ ಸೊರಗುತ್ತ ಹೋದಳು. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾದವು. ಏಳು ವರ್ಷವಾದರೂ ನಾಲ್ಕರ ಕೂಸಿನಷ್ಟೇ ಇದ್ದಳು.

“ಜ್ವಾಳದ ರೊಟ್ಟಿ ಬಿರುಸಾಗತೈತಿ ನಿನಗ. ಇನ್ನೊಂದು ಕಟ್ಲೆಟ್ ತಿನ್ನವ್ವಾ, ಮೈಗೆ ಹತ್ತತೈತಿ,” ಎಂದು ಗಿರಿಜವ್ವ ರೊಟ್ಟಿಯನ್ನು ಸರಿಸಿಬಿಡುತ್ತಿದ್ದಳು. ನಾನು ಇನ್ನಷ್ಟು ಪುಡಿ ಮಾಡಿದೆ.

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಆಯಿತು. ಮನೆಗೆ ಬಂದವಳೇ ಗಿರಿಜವ್ವ ಒಲೆಯ ಮುಂದೆ ಕುಸಿದಳು. “ಗೋಧಿನ ಆಗಂಗಿಲ್ಲಂತ ಈಕಿಗೆ. ತರಕಾರಿ ಚಲೋನ ಇತ್ತು, ನಾ ಸರಿಸಿದ ರೊಟ್ಟಿನೂ ಚಲೋನ ಇತ್ತು. ರಸ್ಕ್ ಅಂದ್ರ ಗೋಧಿ ಮೈದಾನ, ಮ್ಯಾಲಿನ ಆ ಪುಡಿನ ಕರುಳು ತಿಂತು. ಕೈಯಾರೆ ತಿನಿಸಿದೆನಲ್ರೀ!”

ಈರಪ್ಪ ಅಂಗಿಗೆ ಹತ್ತಿದ ಮೈದಾ ಕೊಡವುತ್ತ ಹೊಸ್ತಿಲಾಚೆಯೇ ನಿಂತ.

ಗಿರಿಜವ್ವ ನನ್ನನ್ನು ಮೂರು ಸಲ ಕುದಿನೀರಲ್ಲಿ ತಿಕ್ಕಿದಳು. ಕಟ್ಟಿಗೆಯೊಳಗೆ ಕೂತ ಹಿಟ್ಟು ತೊಳೆದರೂ ಹೋಗದು ಎಂದು ಡಾಕ್ಟರು ಹೇಳಿದ್ದರು. ಅಳುತ್ತಲೇ ನನ್ನನ್ನು ಪಕ್ಕದ ಮನೆಯ ಶಾರದಕ್ಕನಿಗೆ ಕೊಟ್ಟಳು.

ಇಲ್ಲಿ ಚಪಾತಿ ಲಟ್ಟಿಸುತ್ತ ಮುದಿಯಾದೆ, ಒಂದು ಕಡೆ ಸೀಳೂ ಬಿಟ್ಟಿದೆ. ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ರೊಟ್ಟಿಗೆ ಅಂಗೈ ಸಾಕು, ನಾನು ಬೇಕಿಲ್ಲ. ಕಟ್ಲೆಟ್ಟನ್ನೂ ಈಗ ಅವಲಕ್ಕಿ ಪುಡಿಯಲ್ಲಿ ಹೊರಳಿಸುತ್ತಾರಂತೆ.

ಮೊನ್ನೆ ರೇವತಿ ತಾಯಿಯೊಂದಿಗೆ ಇಲ್ಲಿಗೆ ಬಂದಿದ್ದಳು. ಗಲ್ಲ ತುಂಬಿ, ಉದ್ದಕ್ಕೆ ಬೆಳೆದಿದ್ದಾಳೆ. ಹಿಟ್ಟು ಮೆತ್ತಿಕೊಂಡು ಮಣೆಯ ಮೇಲೆ ಬಿದ್ದಿದ್ದ ನನ್ನನ್ನು ನೋಡಿ, “ಇವು ನನ್ನ ಹಲ್ಲಿನ ಗುರುತಲ್ಲೇನವ್ವಾ?” ಎಂದು ಕೈ ಚಾಚಿದಳು.

“ಮುಟ್ಟಬ್ಯಾಡ!” ಗಿರಿಜವ್ವ ಚೀರಿದಳು.

ಎಷ್ಟು ವರ್ಷದಿಂದ ಕಾದಿದ್ದೆ ಆ ಕೈಗೆ! ಆದರೂ ಮಣೆಯ ಆಚೆ ಬದಿಗೆ ಉರುಳಿಕೊಂಡೆ. ಅವಳಿಗಾಗಿ ನಾನು ಮಾಡಬಹುದಾದದ್ದು ಅಷ್ಟೇ ಉಳಿದಿತ್ತು.