ಎದುರು ಕೋಣೆಯವನು

"ಒಬ್ರು ಸಾಕು ಸಾರ್. ಒಬ್ರೇ ಒಬ್ರು," ಎಂದ ಗಾಜಿನಾಚೆಯ ಗುಮಾಸ್ತ. "ಆ ಮನೇಲಿ ನೀವಿದ್ರಿ ಅನ್ನೋರು."

"ನಾನೇ ಹೇಳ್ತಿದೀನಲ್ಲ."

"ನೀವು ಹೇಳ್ದೆ ಇರ್ತೀರಾ?"

ಸಂಖ್ಯಾಶಾಸ್ತ್ರದ ಉಪನ್ಯಾಸಕ ತನ್ನ ಅರ್ಜಿಯನ್ನು ಗಾಜಿನ ಸಂದಿಯಲ್ಲಿ ಮತ್ತೆ ಒಳಗೆ ತಳ್ಳಿದ. ಯಾರೂ ಕೇಳದೆ ಸರ್ಕಾರದ ಸುಪರ್ದಿಗೆ ಬಂದ ಹಣದ ಪಟ್ಟಿಯಲ್ಲಿ ಅವನ ಹೆಸರನ್ನು ಪತ್ತೆಹಚ್ಚಿದ್ದು ಹೆಂಡತಿ. ಮದುವೆಗೆ ಮುಂಚೆ ಬಾಡಿಗೆಗಿದ್ದ ಕೋಣೆಯ ಮುಂಗಡ. ಮನೆಯೊಡತಿ ತೀರಿಕೊಂಡ ಮೇಲೆ ಆಕೆಯ ವಕೀಲ ಸರ್ಕಾರಕ್ಕೆ ಕಟ್ಟಿ ಕೈತೊಳೆದುಕೊಂಡಿದ್ದ.

"ಬಿಟ್ಟು ಬರೋವಾಗ ಯಾಕ್ರೀ ಕೇಳ್ಲಿಲ್ಲ?" ಎಂದಿದ್ದಳು ಹೆಂಡತಿ.

ಮರೆತೆ ಎಂದಿದ್ದ. ಮರೆತಿರಲಿಲ್ಲ. ಕೇಳಬೇಕೆಂದರೆ ಕೆಳಗಿಳಿದು ಮನೆಯೊಡತಿಯೆದುರು ಕೂರಬೇಕಿತ್ತು. ಕುಡಿಯಲು ಏನೂ ಬೇಡವೆಂದು ಎರಡು ಸಲ ಹೇಳಬೇಕಿತ್ತು. ಯಾಕಪ್ಪಾ ಬಿಡ್ತೀಯ ಎಂಬುದಕ್ಕೆ ಕಾರಣ ಹುಡುಕಬೇಕಿತ್ತು. ಅಷ್ಟು ಮಾತು ಉಳಿಸಿಕೊಳ್ಳಲು ಅವನು ಮುಂಗಡವನ್ನೇ ಬಿಟ್ಟುಬಂದಿದ್ದ.

"ಸಂಜೆಯೊಳಗೆ ಕರ್ಕೊಂಬನ್ನಿ," ಎಂದ ಗುಮಾಸ್ತ. "ಇಲ್ದಿದ್ರೆ 'ಗುರುತಿಸುವವರಿಲ್ಲ' ಅಂತ ಬರೆದು ಮುಚ್ಚಿಬಿಡ್ತೀವಿ."

ಹಣ ಹೋದರೆ ಹೋಗಲಿ. ತನ್ನ ಹೆಸರಿನ ಮುಂದೆ ಸರ್ಕಾರ ಆ ಒಂದು ಪದ ಬರೆದು ಮೊಹರು ಒತ್ತುವುದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ. ಆ ಹಳೆಯ ಮನೆಯ ಬೀದಿಗೆ ಬಸ್ಸು ಹತ್ತಿದ.

ಬೀದಿ ಅಗಲವಾಗಿತ್ತು. ಅಂಗಡಿಗಳೆಲ್ಲ ಬದಲಾಗಿದ್ದವು. ಮೆಟ್ಟಿಲ ಕೆಳಗಿನ ದರ್ಜಿ ಮಾತ್ರ ಅದೇ ಸಂದಿಯಲ್ಲಿ, ಅದೇ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂತಿದ್ದ. ವರ್ಷಗಟ್ಟಲೆ ಇವನ ಮುಂದೆಯೇ ಹತ್ತಿ ಇಳಿದಿದ್ದರೂ ಒಂದು ಮಾತಾಡಿದ್ದು ನೆನಪಿಲ್ಲ.

"ನಾನು... ಮೇಲ್ಗಡೆ ರೂಮಲ್ಲಿದ್ದೆ. ಕಾಲೇಜಲ್ಲಿ ಪಾಠ—"

ದರ್ಜಿ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಎದ್ದೇಬಿಟ್ಟ.

"ಮೇಷ್ಟ್ರೇ! ಅಯ್ಯೋ, ಇಷ್ಟು ಇಳಿದುಹೋಗಿದೀರಲ್ಲ! ಲೇ, ಬಾರೇ ಇಲ್ಲಿ, ಯಾರು ಬಂದಿದಾರೆ ನೋಡು!"

ಹಿಂದಿನ ಪರದೆ ಸರಿಸಿ ಬಂದ ಹೆಂಡತಿ ಅವನನ್ನು ಬಟ್ಟೆ ಆರಿಸುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು. "ಮೇಷ್ಟ್ರು ಬಾಯ್ತುಂಬ ನಗ್ತಿದ್ರಲ್ಲ."

"ಸಕ್ಕರೆ ಕಾಯಿಲೆ ಇರ್ಬೇಕು ಕಣೇ. ಮೈಯೇ ಇಳಿದಿದೆ, ನಗು ಉಳಿಯುತ್ತಾ?" ದರ್ಜಿ ಅವನ ಕೈ ಹಿಡಿದುಕೊಂಡ. "ನಮ್ಮ ಹುಡುಗಿ ಲೆಕ್ಕದಲ್ಲಿ ಪಾಸಾಗಿದ್ದು ನಿಮ್ಮಿಂದ. ಇವಳು ಆಸ್ಪತ್ರೇಲಿದ್ದಾಗ ರಾತ್ರಿಯೆಲ್ಲ ಕೂತಿದ್ರಿ. ಮರೀತೀವಾ?"

ಅವನಿಗೆ ಅರ್ಥವಾಯಿತು. ಎದುರು ಕೋಣೆಯಲ್ಲೂ ಒಬ್ಬ ಮೇಷ್ಟ್ರಿದ್ದ, ದಢೂತಿ ಮನುಷ್ಯ; ಇವರು ತನ್ನನ್ನು ಅವನೆಂದುಕೊಂಡಿದ್ದಾರೆ. ಅವನ ನಗು ಗೋಡೆ ದಾಟಿ ಬಂದಾಗಲೆಲ್ಲ ತಾನು ಎದ್ದು ಚಿಲಕ ಹಾಕಿಕೊಳ್ಳುತ್ತಿದ್ದದ್ದು ನೆನಪಾಯಿತು.

ಅಲ್ಲ ಎನ್ನಲು ಬಾಯಿ ತೆರೆದ. "ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು," ಎಂದಿತು ಬಾಯಿ.

"ಉಪಕಾರ ಅಂತೆ! ಎಲ್ಲಿಗೆ ಬರ್ಬೇಕು ಹೇಳಿ." ದರ್ಜಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. "ಅಂದ್ಹಾಗೆ, ನಿಮ್ಮ ಎದುರು ರೂಮಲ್ಲಿ ಒಬ್ಬ ಇದ್ನಲ್ಲ. ಗುಮ್ಮ ಅಂತಿದ್ವಿ. ಏನಾದ ಅವನು?"

"ಗೊತ್ತಿಲ್ಲ."

"ಬದುಕಿದಾನೋ?"

"ಗೊತ್ತಿಲ್ಲ."

"ನೀವೊಬ್ರೇ ಅವನ ಪರ ಮಾತಾಡ್ತಿದ್ದೋರು. ಪಾಪ, ಯಾರಿಗೋ ಹೆದರಿದಾನೆ ಅಂತಿದ್ರಿ." ಇದ್ದಕ್ಕಿದ್ದಂತೆ ಏನೋ ನೆನಪಾಗಿ ದರ್ಜಿ ಒಳಗೆ ಹೋದ. ಬಂದಾಗ ತೋಳ ಮೇಲೆ ಒಂದು ಕಂದು ಕೋಟು. "ಹೊಲಿಯೋಕೆ ಕೊಟ್ಟು ಹಾಗೇ ಹೊರಟುಹೋದ್ರಿ. ಬಿಟ್ಟುಹೋದ ಬಟ್ಟೆ ನಾನು ಮಾರಲ್ಲ ಮೇಷ್ಟ್ರೇ, ಮಾಲೀಕ ಬಂದೇ ಬರ್ತಾನೆ. ಹಾಕ್ಕೊಳ್ಳಿ."

"ಈಗ ಬೇಡ—"

"ನನ್ನ ಕಣ್ಣೆದುರು ಒಂದ್ಸಲ ಹಾಕ್ಕೊಳ್ಳಿ ಅಂದ್ರೆ!"

ಹಾಕಿಕೊಂಡ. ಕೋಟಿನ ಭುಜಗಳು ಮೊಣಕೈಯತ್ತ ಜಾರಿದವು. ದರ್ಜಿಯ ಹೆಂಡತಿ ಪರದೆ ಎಳೆದುಕೊಂಡಳು.

ಕಚೇರಿಯ ಬೆಂಚು ತುಂಬಿತ್ತು. ದರ್ಜಿ ಪಕ್ಕದವರಿಗೆಲ್ಲ ಪರಿಚಯ ಹೇಳುತ್ತಿದ್ದ: "ನಮ್ಮ ಮೇಷ್ಟ್ರು. ಇಂಥೋರು ಈಗ ಹುಟ್ಟಲ್ಲ." ಪಕ್ಕದವರು ಕೋಟನ್ನು ನೋಡಿ ತಲೆಯಾಡಿಸಿದರು. ಬಿಚ್ಚೋಣವೆಂದರೆ ದರ್ಜಿಯ ಕೈ ಅವನ ಬೆನ್ನ ಮೇಲಿನ ಹೊಲಿಗೆಯನ್ನು ಸವರುತ್ತಲೇ ಇತ್ತು.

ಗಾಜಿನಾಚೆಯಿಂದ ಗುಮಾಸ್ತ ಹೆಸರು ಕೂಗಿದ. ಪೂರ್ತಿ ಹೆಸರು, ತಂದೆಯ ಹೆಸರನ್ನೂ ಸೇರಿಸಿ.

ಅವನು ಬೆಂಚಿನ ಅಂಚಿಗೆ ಸರಿದ. ಯಾವ ದನಿಯಲ್ಲಿ ಓಗೊಡಬೇಕೋ ತಿಳಿಯಲಿಲ್ಲ. ಗುಮಾಸ್ತ ಇನ್ನೊಮ್ಮೆ ಕೂಗಿದ.

"ಯಾರದು?" ಎಂದು ದರ್ಜಿಯೂ ಕತ್ತು ಹೊರಳಿಸಿ ಬೆಂಚಿನುದ್ದಕ್ಕೂ ಹುಡುಕತೊಡಗಿದ. "ಇಲ್ವೇನೋ ಪಾಪ."

ಅವನು ಕೈ ಎತ್ತಿದ. ಬೆರಳುಗಳು ಕೋಟಿನ ತೋಳಿನ ತುದಿ ಮುಟ್ಟಲಿಲ್ಲ. ಎಲ್ಲರ ತಲೆಗಳ ಮೇಲೆ ಎದ್ದದ್ದು ಬರಿಯ ಕಂದು ಬಟ್ಟೆ. ಅದರ ತುದಿ ಮಡಿಚಿ ಕೆಳಗೆ ಜೋತುಬಿತ್ತು. ಗುಮಾಸ್ತ ಅದರ ಆಚೆಗೆ ಕಣ್ಣು ಹಾಯಿಸಿದ.