ಸಿಟ್ಟು ಬಂದೈತಿ ಅಂತ ಬರೀಬಹುದಾ?

ನೇತ್ರಾ ಸಿಂಗಪುರದಿಂದ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ಮೊದಲು ಗಂಡ ಗುರುಬಸವ ಮಾತಾಡುತ್ತಿದ್ದ, ಆಮೇಲೆ ಮಗಳು ಸ್ನೇಹಲತಾ, ಅವಳ ಹಿಂದೆ ಮಗ ಪವನ, ಕೊನೆಗೆ ಅತ್ತೆ ಸುಭದ್ರಾ. ಒಬ್ಬೊಬ್ಬರು "ಚಲೋ ಇದ್ದೀವಿ" ಅನ್ನುವಷ್ಟರಲ್ಲಿ ಕರೆ ಮುಗಿದುಹೋಗುತ್ತಿತ್ತು. ಹೊರದೇಶದ ಫೋನು ಆಗ ಅಷ್ಟು ದುಬಾರಿ.

ಅವತ್ತು ಫೋನು ಸುಭದ್ರಾ ಕೈಗೆ ಬಂದಾಗ ನೇತ್ರಾಳ ದನಿ ಒಡೆದಿತ್ತು.

"ಅತ್ತೀ, ನಾ ಮ್ಯಾನೇಜರಿಗೆ ಹೇಳಿ ವಾಪಸ್ ಬಂದುಬಿಡ್ತೀನ್ರಿ. ಪವನ ನನ್ನ ಕೂಡ ಮಾತಾಡವಲ್ಲ. 'ಹೂಂ' ಅಂತಾನ, ಫೋನ್ ಕೊಟ್ಟುಬಿಡ್ತಾನ. ಸ್ನೇಹಾನ ಕಾಗದ ನೋಡಿದ್ರ ಹೆಡ್‌ಮಾಸ್ಟರಿಗೆ ರಜಾ ಕೇಳಿದಂಗ ಐತಿ. ಹುಡುಗ್ರು ನನ್ನ ಮರ್ತಾವ್ರಿ."

"ಮರಿಯೂದು ಗಿರಿಯೂದು ಏನಿಲ್ಲ," ಎಂದಳು ಸುಭದ್ರಾ. "ಮ್ಯಾನೇಜರಿಗೆ ಈಗ ಏನೂ ಹೇಳಬ್ಯಾಡ. ಸ್ವಲ್ಪ ತಡಿ. ಈ ಕೆಲಸ ನನಗ ಬಿಡು."

ಸುಭದ್ರಾ ಹಾಗೆ ಅಂದಳೆಂದರೆ ಮುಗಿಯಿತು. ರಾಯಚೂರಿನ ಸರಕಾರಿ ಶಾಲೆಯಲ್ಲಿ ಜೀವಮಾನವಿಡೀ ಕನ್ನಡ ಕಲಿಸಿ, ನಿವೃತ್ತಳಾದ ಮೇಲೆ ಮಗನ ಮನೆಗೆ, ತೆಲುಗು ಸೀಮೆಯ ಲಿಂಗಂಪಲ್ಲಿಯ ಕ್ವಾರ್ಟರ್ಸಿಗೆ ಬಂದವಳು ಅವಳು. ಹಿಮಾಯತ್‌ನಗರದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಸೊಸೆಯನ್ನು ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸಿಗೆ ಹಚ್ಚಿದವಳೂ ಅವಳೇ. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ. "ಲೆಕ್ಕ ಬರೂವಾಕಿಗೆ ಇದೇನು ದೊಡ್ಡದು, ನಡಿ" ಎಂದು ಮನೆಗೆಲಸ ತನ್ನ ತಲೆಗೆ ಕಟ್ಟಿಕೊಂಡಿದ್ದಳು. ನೇತ್ರಾಳಿಗೆ ಕೆಲಸ ಸಿಕ್ಕಿತು. ಹೊಸ ಶತಮಾನ ಬರುವುದರೊಳಗೆ ಬ್ಯಾಂಕುಗಳ ಹಳೆಯ ಕಂಪ್ಯೂಟರ್‌ಗಳಲ್ಲಿ ತಾರೀಖು ಸರಿಪಡಿಸಬೇಕಿತ್ತಲ್ಲ, ಅದಕ್ಕಾಗಿ ಕಂಪನಿಯವರು ಅವಳನ್ನು ದಸರೆಯವರೆಗೆ ಸಿಂಗಪುರಕ್ಕೆ ಕಳಿಸಿದ್ದರು. ಅರ್ಧಕ್ಕೆ ಬಿಟ್ಟು ಬಂದರೆ ಮುಂದೆ ಇನ್ನೊಂದು ಅವಕಾಶ ಕೊಡುವವರು ಯಾರು?

ಮಧ್ಯಾಹ್ನ ಊಟವಾದ ಮೇಲೆ ಸುಭದ್ರಾ ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿಕೊಂಡಳು. ಸ್ನೇಹಾ ಆರನೆಯ ಇಯತ್ತೆ, ಪವನ ಎರಡನೆಯದು. ಸ್ನೇಹಾ ಬರೆದಿಟ್ಟಿದ್ದ ಹೊಸ ಕಾಗದವನ್ನು ಅಜ್ಜಿ ಓದಿದಳು. ಇಂಗ್ಲಿಷಿನಲ್ಲಿತ್ತು. ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ, ಹವಾಮಾನ ಚೆನ್ನಾಗಿದೆ. ಒಂದೂ ತಪ್ಪಿರಲಿಲ್ಲ. ಪರೀಕ್ಷೆಯಲ್ಲಾದರೆ ಪೂರಾ ಅಂಕ ಬೀಳುತ್ತಿದ್ದವು.

"ಇದನ್ನ ಯಾರಿಗೆ ಬರ್ದಿ?"

"ಮಮ್ಮಿಗೆ."

"ಮಮ್ಮಿ ಈಗ ಈ ಬಾಗಿಲಾಗ ಬಂದು ನಿಂತ್ರ ಹವಾಮಾನ ಚಲೋ ಐತಿ ಅಂತೀ ಏನು?"

ಸ್ನೇಹಾ ನಕ್ಕಳು. "ಇಲ್ಲ. ನನ್ನ ಜಡಿ ನೋಡು ಅಂತೀನಿ. ಪಪ್ಪಾ ಹಾಕ್ತಾರ. ಒಂದು ಕಿವಿ ಮ್ಯಾಲ, ಒಂದು ಕುತ್ತಿಗಿ ಹತ್ರ. ಶಾಲ್ಯಾಗ ಎಲ್ಲಾರೂ ನಗ್ತಾರ. ಬ್ಯಾಡ ಅಂತ ನಿನ್ನ ಹತ್ರ ಬಂದ್ರ ನೀ ಅಷ್ಟು ಬಿಗಿ ಹಾಕ್ತಿ ಅಜ್ಜಿ, ಕಣ್ಣೀರು ಬರ್ತಾವ."

"ಭಾಳ ಚಲೋ. ಅದನ್ನ ಬರಿ."

"ಆದ್ರ ಪಪ್ಪಾ ಹೇಳ್ಯಾರಲ್ಲ, ಮಮ್ಮಿಗೆ ಬ್ಯಾಸರ ಆಗೂವಂಥಾದ್ದು ಏನೂ ಬರೀಬಾರದು ಅಂತ."

ಆಗ ಸುಭದ್ರಾಳಿಗೆ ಗೊತ್ತಾಯಿತು, ಕಾಗದಗಳು ಯಾಕೆ ಹೀಗೆ ಒಣಗಿದ್ದವೆಂದು. "ಪಪ್ಪಾಗ ನಾ ಹೇಳ್ತೀನಿ. ನೀ ಬರಿ. ಇನ್ನೇನು ಹೇಳ್ತಿದ್ದಿ?"

ಸ್ನೇಹಾ ಪೆನ್ನಿನ ಮುಚ್ಚಳ ಕಚ್ಚುತ್ತ ಕುಳಿತಳು. ಅಜ್ಜಿ ಅವಸರ ಮಾಡಲಿಲ್ಲ. ಹೊರಗೆ ಯಾರದೋ ಸ್ಕೂಟರು ಶುರುವಾಗದೆ ಕೆಮ್ಮುತ್ತಿತ್ತು. ಕಡೆಗೆ ಹುಡುಗಿ ಮೆಲ್ಲಗೆ ಹೇಳಿದಳು.

"ಗಣಿತದಾಗ ನಾನೇ ಫಸ್ಟ್ ಬಂದೆ. ಮನಿಗೆ ಬಂದು ಪೇಪರ್ ಹಿಡಕೊಂಡು ಸೀದಾ ಅಡಿಗಿ ಮನಿಗೆ ಓಡಿದೆ. ಅಲ್ಲಿ ಹೋದ ಮ್ಯಾಲ ನೆನಪಾತು."

ಸುಭದ್ರಾ ಅವಳ ತಲೆಯ ಮೇಲೆ ಕೈಯಿಟ್ಟಳು. "ಈಗ ಹೇಳಿದಿಯಲ್ಲ, ಹಂಗೇ ಬರಿ. ಒಂದು ಮಾತೂ ಹೆಚ್ಚು ಬ್ಯಾಡ, ಕಡಿಮಿನೂ ಬ್ಯಾಡ."

ಸ್ನೇಹಾ ಬೋರಲಾಗಿ ಮಲಗಿ ಬರೆಯತೊಡಗಿದಳು. ಆದರೆ ಪವನ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತಿದ್ದ.

"ನಕ್ಕೋ," ಎಂದ, ಕೇಳುವ ಮೊದಲೇ, ಓಣಿಯ ಹುಡುಗರ ಹಿಂದಿಯಲ್ಲಿ ಬೇಡವೆಂದು. "ನಾ ಬರಿಯಂಗಿಲ್ಲ."

"ಬ್ಯಾಡ ಬಿಡು. ಯಾಕ ಅಂತ ಹೇಳು ಸಾಕು."

"ನನಗ ಸಿಟ್ಟು ಬಂದೈತಿ."

"ಹಂಗಾರ ಅದನ್ನ ಬರಿ."

ಹುಡುಗ ಅಜ್ಜಿಯ ಮುಖ ನೋಡಿದ. "ಸಿಟ್ಟು ಬಂದೈತಿ ಅಂತ ಬರೀಬಹುದಾ?"

"ಯಾಕ ಬರೀಬಾರದು? ಅಕ್ಕ ಜಡಿ ಸುದ್ದಿ ಬರ್ದಂಗ ನೀ ಸಿಟ್ಟಿನ ಸುದ್ದಿ ಬರಿ."

ಅವನು ನೋಟ್‌ಬುಕ್ಕಿನಿಂದ ಹಾಳೆ ಕಿತ್ತುಕೊಂಡ. ಪೆನ್ಸಿಲ್ಲನ್ನು ಒತ್ತಿ ಒತ್ತಿ ಬರೆದ. ಬರೆದು ಮುಗಿಸಿ ಅಜ್ಜಿಯ ಮಡಿಲಿಗೆ ಎಸೆದು ದೂರ ಹೋಗಿ ನಿಂತ. ಸುಭದ್ರಾ ಕನ್ನಡಕ ಏರಿಸಿಕೊಂಡು ನೋಡಿದರೆ ಅಕ್ಷರ ತೆಲುಗಿನವು, ಮಾತು ಕನ್ನಡದ್ದು. ಶಾಲೆಯಲ್ಲಿ ಕಲಿತದ್ದು ಅದೇ ಲಿಪಿಯಲ್ಲವೇ. ಒಂದು ಗಳಿಗೆ ಅವಳೊಳಗಿನ ಕನ್ನಡ ಟೀಚರು ಕೆಂಪು ಪೆನ್ನಿಗಾಗಿ ತಡಕಾಡಿದಳು. ಆದರೆ ಬಸ್ಸಿನ ಬೋರ್ಡು ಓದಿ ಓದಿ ಅವಳಿಗೂ ತೆಲುಗು ಓದಲು ಬರುತ್ತಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

'ಮಮ್ಮಿ, ನಿನ್ನ ಮ್ಯಾಲ ಸಿಟ್ಟು ಬಂದೈತಿ. ನೀ ಹೋಗೂ ಮುಂದ ನಾ ಮಲಗಿದ್ದೆ. ನನ್ನ ಯಾಕ ಎಬ್ಬಿಸಲಿಲ್ಲ? ಎದ್ದು ನೋಡಿದ್ರ ನಿನ್ನ ಚಪ್ಪಲಿ ಇರಲಿಲ್ಲ. ಅಕ್ಕಗ ಟಾಟಾ ಮಾಡಿ ಹೋದಿ, ನನಗ ಮಾಡಲಿಲ್ಲ.'

ಸುಭದ್ರಾ ಹಾಳೆಯನ್ನು ಮಡಚಲಿಲ್ಲ. ತಿದ್ದಲೂ ಇಲ್ಲ.

ಸಂಜೆ ಗುರುಬಸವ ವಾಕಿಂಗ್ ಮುಗಿಸಿ ಬಂದಾಗ ಎರಡೂ ಕಾಗದ ಅವನ ಮುಂದಿಟ್ಟಳು. ಸ್ನೇಹಾಳದ್ದು ಓದಿ ಅವನು ಜಡೆಯ ಮಾತಿಗೆ ನಾಚಿ ನಕ್ಕ. ಮಗನದ್ದು ಓದುತ್ತ ಅವನ ಮುಖ ಇಳಿಯಿತು.

"ಅವ್ವಾ, ಇದನ್ನ ಕಳಿಸಬ್ಯಾಡ. ಆಕಿ ಅಲ್ಲಿ ಒಬ್ಬಾಕಿನೇ ಇದ್ದಾಳ. ಓದಿ ಅಳ್ತಾಳ. ಮಾರನೇ ದಿನಾನೇ ವಿಮಾನ ಹತ್ತಿ ಬರ್ತಾಳ."

"ಈಗೂ ಅಳಾಕತ್ತಾಳ. ಆಕಿಗೆ ಕ್ಷೇಮ ಸಮಾಚಾರ ಬ್ಯಾಡೋ, ಮಗ ಬೇಕು. ಈ ಹಾಳ್ಯಾಗ ಮಗ ಅದಾನ. ಕಳಿಸೂದೇ."

ಗುರುಬಸವ ಮಗನ ಹಾಳೆಯನ್ನು ಮತ್ತೊಮ್ಮೆ ಓದಿದ. ಆಮೇಲೆ ತಗ್ಗಿದ ದನಿಯಲ್ಲಿ, "ಎಬ್ಬಿಸಬ್ಯಾಡ ಅಂದಾಂವ ನಾನೇ, ಅವ್ವಾ. ಆಕಿ ಎಬ್ಬಿಸತೀನಿ ಅಂದಿದ್ದಳು. ಹುಡುಗ ಅಳ್ತದ, ನೀ ಹೋಗು ಅಂದೆ" ಎಂದ.

"ನನ್ನ ಮುಂದ ಯಾಕ ಹೇಳ್ತಿ? ಅಂವ ಅಂಗಳದಾಗ ಆಡಾಕತ್ತಾನ."

ಗುರುಬಸವ ಎದ್ದು ಹೊರಗೆ ಹೋದ. ಕಿಟಕಿಯಿಂದ ಸುಭದ್ರಾ ನೋಡಿದಳು. ಅಪ್ಪ ಮೊಣಕಾಲೂರಿ ಕೂತು ಏನೋ ಹೇಳಿದ. ಪವನ ಅಪ್ಪನ ಎದೆಗೆ ಎರಡು ಗುದ್ದು ಗುದ್ದಿದ, ಆಮೇಲೆ ಕೊರಳಿಗೆ ಜೋತುಬಿದ್ದ. ಸುಭದ್ರಾ ಕಾಗದಗಳನ್ನು ಲಕೋಟೆಗೆ ಹಾಕಿ ಅಂಟಿಸಿದಳು. ಮರುದಿನ ಅಬಿಡ್ಸಿನ ದೊಡ್ಡ ಪೋಸ್ಟಾಫೀಸಿಗೆ ತಾನೇ ಬಸ್ಸಿನಲ್ಲಿ ಹೋಗಿ, ವಿಮಾನದ ಅಂಚೆಗೆ ಹಾಕಿ ಬಂದಳು.

ಮುಂದಿನ ಭಾನುವಾರ ಕಾಗದ ಇನ್ನೂ ಮುಟ್ಟಿರಲಿಲ್ಲ. ಅದರ ಮುಂದಿನ ಭಾನುವಾರ ಫೋನು ಬಂದಾಗ ನೇತ್ರಾ ಗಂಡನನ್ನೂ ಕೇಳಲಿಲ್ಲ, ಅತ್ತೆಯನ್ನೂ ಕೇಳಲಿಲ್ಲ. "ಪವನ್‌ಗ ಕೊಡ್ರಿ" ಎಂದಳು.

ಪವನ ಎರಡೂ ಕೈಯಲ್ಲಿ ರಿಸೀವರ್ ಹಿಡಿದು ನಿಂತ. ಅತ್ತಲಿಂದ ಅವಳು ಏನು ಹೇಳಿದಳೋ, ಯಾರಿಗೂ ಕೇಳಲಿಲ್ಲ. ಆಮೇಲೆ ಮಾತು ಕಟ್ಟೆಯೊಡೆಯಿತು. ಜಗಳಕ್ಕೇ ಬಿದ್ದ. ಕನ್ನಡ ಸಾಲದ್ದಕ್ಕೆ ಹಿಂದಿ, ಹಿಂದಿ ಸಾಲದ್ದಕ್ಕೆ ತೆಲುಗು. ಪಪ್ಪನ ಮೇಲೂ ದೂರು ಹೇಳಿದ. ಹಲ್ಲು ಬಿದ್ದದ್ದು ಹೇಳಿದ. ಅಲ್ಲಿ ಎರಡಂತಸ್ತಿನ ಬಸ್ಸು ಇವೆಯೋ ಇಲ್ಲವೋ ಕೇಳಿದ, ಇವೆ ಎಂದದ್ದಕ್ಕೆ ಹಾಗಾದರೆ ಮೇಲೆಯೇ ಕೂತು ಹೋಗು ಎಂದು ತಾಕೀತು ಮಾಡಿದ. ಗುರುಬಸವ ಗಡಿಯಾರದ ಕಡೆ ನೋಡಿದ. ತಾಯಿ ಅವನನ್ನು ದಿಟ್ಟಿಸಿದ್ದು ನೋಡಿ ಕಣ್ಣು ಕೆಳಗೆ ಹಾಕಿದ.

ಕೊನೆಗೆ ಫೋನು ಸುಭದ್ರಾ ಕೈಗೆ ಬಂತು.

"ನೀವು ಹೇಳಿ ಬರೆಸಿದ್ರೇನ್ರಿ ಅತ್ತೀ?"

"ಒಂದಕ್ಷರಾನೂ ಇಲ್ಲ. ನಾ ಬರೇ ಕೇಳಿದೆ. ಬರ್ದದ್ದು ಅವರು."

"ಓದಿ ಭಾಳ ಅತ್ತೆ ನೋಡ್ರಿ. ಅತ್ತು ಮುಖಾ ತೊಳಕೊಂಡು ಆಫೀಸಿಗೆ ಹೋದೆ." ನೇತ್ರಾ ನಕ್ಕಳು, ತಿಂಗಳಿಂದ ಕೇಳದ ನಗು. "ಕೆಲಸ ಮುಗಿಸ್ಕೊಂಡೇ ಬರ್ತೀನಿ. ದಸರಾಕ್ಕ."

"ನನಗ ಗೊತ್ತಿತ್ತು," ಎಂದಳು ಸುಭದ್ರಾ.

ಆಮೇಲೆ ವಾರವಾರವೂ ಸಿಂಗಪುರಕ್ಕೆ ದಪ್ಪ ಲಕೋಟೆ ಹೋಯಿತು. ಸುಭದ್ರಾ ಚಾಪೆ ಹಾಸಿಕೊಟ್ಟು ತನ್ನ ಪಾಡಿಗೆ ತಾನಿದ್ದರೆ ಸಾಕಾಗುತ್ತಿತ್ತು. ಹೇಳಿದಂತೆ ನೇತ್ರಾ ದಸರೆಗೆ ಬಂದಳು. ಬೇಗಂಪೇಟೆಯ ವಿಮಾನ ನಿಲ್ದಾಣದ ಹೊರಗೆ ಪವನ ಅವಳ ಸಾಮಾನಿನ ಗಾಡಿ ತಳ್ಳುತ್ತ, ಅವಳು ಇಲ್ಲದಾಗ ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳತೊಡಗಿದ. ಸ್ನೇಹಾ ನಡುವೆ ನಡುವೆ ತಿದ್ದುತ್ತಿದ್ದಳು. ಅತ್ತೆಯ ಕಾಲಿಗೆ ನಮಸ್ಕರಿಸಲೂ ನೇತ್ರಾಳಿಗೆ ಪುರುಸೊತ್ತು ಸಿಗಲಿಲ್ಲ.

"ಅದೆಲ್ಲಾ ಮನ್ಯಾಗ ಮಾಡೀಯಂತ," ಎಂದು ಸುಭದ್ರಾ ಸೊಸೆಯ ಕೈಚೀಲ ಇಸಿದುಕೊಂಡು, ಟ್ಯಾಕ್ಸಿ ಗೊತ್ತು ಮಾಡಲು ಮುಂದೆ ಹೊರಟಳು.